ಊಟಕ್ಕೆ ಮುಂಚೆ

ಮೊದಲು ವಾಪಸ್ ಬಂದಿದ್ದು ಒಂದು ಕೇಕು. ಹುಟ್ಟುಹಬ್ಬದ ಮಗುವಿನ ಅಪ್ಪ ಡಬ್ಬಿಯನ್ನು ಬೇಕರಿಯ ಗಾಜಿನ ಕೌಂಟರಿನ ಮೇಲೆ ಕುಕ್ಕಿ, "ಏನ್ರೀ ಇದು? ನನ್ನ ಮಗನ ಹೆಸರಾ, ಇಲ್ಲ ಇರುವೆ ಓಡಾಡಿದ್ದಾ?" ಎಂದು ರೇಗಿದ. ಬೇಕರಿಯ ಯಜಮಾನ ಒಳಗೆ ಹೋಗಿ ನೋಡಿದ. ಕ್ರೀಮಿನ ಕೋನು ಹಿಡಿದು ಇನ್ನೊಂದು ಕೇಕಿನ ಮುಂದೆ ನಿಂತಿದ್ದ ಹುಡುಗಿಯ ಬಲಗೈ ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು. ಅವಳು ಎಡಗೈಯಿಂದ ಅದರ ಮಣಿಕಟ್ಟನ್ನು ಅದುಮಿ ಹಿಡಿದುಕೊಂಡಿದ್ದಳು. ಎಡಗೈಯೂ ಕುಣಿಯುತ್ತಿತ್ತು.

ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದು ಪಟಾಕಿ ಎಂದು. ಮಾತು ಕಲಿತ ಮೇಲೆ ಬಾಯಿ ಮುಚ್ಚಿದವಳೇ ಅಲ್ಲ. ಕೇಕಿನ ಮೇಲೆ ಹೆಸರು ಬರೆಯುವಾಗಲೂ ಅಷ್ಟೇ, ಅದು ಯಾರ ಮನೆಗೆ ಹೋಗುವ ಕೇಕು, ಆ ಮನೆಯ ಅತ್ತೆ ಸೊಸೆ ಯಾಕೆ ಮಾತು ಬಿಟ್ಟಿದ್ದಾರೆ, ಎಲ್ಲವನ್ನೂ ಹೇಳಿಕೊಂಡೇ ಬರೆಯುತ್ತಿದ್ದಳು. ಒಂದಕ್ಷರ ಸೊಟ್ಟಗಾಗುತ್ತಿರಲಿಲ್ಲ. ಯಜಮಾನ ಕೆಟ್ಟವನಲ್ಲ, ಅವಳನ್ನು ಕೌಂಟರಿಗೆ ಹಾಕಿದ. ಅಲ್ಲಿ ಬಂದವರಿಗೆ ಅವಳ ನಾಲಿಗೆ ಹೊರಳದಿರುವುದು ಕೇಳಿಸಿತು. ಒಬ್ಬಾಕೆಯಂತೂ ಮೂಗು ಮುಂದೆ ಚಾಚಿ ವಾಸನೆ ನೋಡಿದಳು, ಹುಡುಗಿ ಬೆಳಿಗ್ಗೆ ಬೆಳಿಗ್ಗೆಯೇ ಕುಡಿದು ಬಂದಿದ್ದಾಳೆ ಎಂದುಕೊಂಡು. ಅವತ್ತು ಯಜಮಾನ, "ಸ್ವಲ್ಪ ದಿನ ರೆಸ್ಟ್ ತಗೋಮ್ಮ" ಎಂದ. ಯಜಮಾನರು ಸ್ವಲ್ಪ ದಿನ ಅಂದರೆ ಏನರ್ಥ ಎಂದು ಕೆಲಸಕ್ಕೆ ಹೋಗುವವರಿಗೆಲ್ಲ ಗೊತ್ತು.

ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಕಂಡುಹಿಡಿದರು. ರಕ್ತ ಇಲ್ಲ ಎಂದು ಅಜ್ಜಿ ಕಬ್ಬಿಣದ ಟಾನಿಕ್ ತರಿಸಿದಳು. ಸದಾ ಫೋನು ನೋಡಿದ್ದರ ಫಲ ಎಂದು ಅಮ್ಮ ಬೈದಳು. ನರದ್ದೇ ಇರಬೇಕು ಎಂದ ಅಪ್ಪ. ಬೀದಿಯ ಡಾಕ್ಟರು ಇದು ಭಯ ಎಂದು ನಿದ್ದೆ ಮಾತ್ರೆ ಕೊಟ್ಟರು. ಇನ್ನೊಬ್ಬರು ಮಹಾನುಭಾವರು, ಮದುವೆ ಮಾಡಿ ಎಲ್ಲ ಸರಿಹೋಗುತ್ತೆ ಎಂದರು. ಹೀಗೇ ತಿಂಗಳುಗಳು ಕಳೆದವು. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಅವಳ ಕಣ್ಣಿಗೆ ಬೆಳಕು ಬಿಟ್ಟು ನೋಡಿದವರು, ಹೊರಗೆ ಹೋಗಿ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಕಣ್ಣಿನ ಕರಿಯ ಸುತ್ತ ಕಂದು ಬಣ್ಣದ ಒಂದು ಬಳೆ ಇತ್ತು.

"ತಾಮ್ರ," ಎಂದರು ಡಾಕ್ಟರು. "ನಾವು ತಿನ್ನೋದರಲ್ಲೆಲ್ಲ ಚೂರು ಚೂರು ತಾಮ್ರ ಇರುತ್ತೆ. ಮೈ ಬೇಕಾದಷ್ಟು ಇಟ್ಕೊಂಡು ಮಿಕ್ಕಿದ್ದನ್ನ ಹೊರಗೆ ಹಾಕುತ್ತೆ. ಇವರ ಮೈಗೆ ಹೊರಗೆ ಹಾಕೋದು ಬರಲ್ಲ. ಹುಟ್ಟಿದಾಗಿನಿಂದ ಸೇರ್ಕೊಂಡು ಸೇರ್ಕೊಂಡು ಲಿವರಲ್ಲಿ ತುಂಬಿ, ಈಗ ಮಿದುಳಿಗೆ ಹತ್ತಿದೆ. ತುಂಬಾ ಅಪರೂಪದ ಕಾಯಿಲೆ."

ಅಪ್ಪನ ಕಸುಬೇ ತಾಮ್ರ. ಸುಟ್ಟ ಮೋಟಾರು ಬಿಚ್ಚಿ, ಕರಕಲಾದ ಹಳೆ ಸುತ್ತು ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಅವನದು.

"ಡಾಕ್ಟ್ರೇ, ಅಂಗಡೀಲಿ ಕಳ್ಳರ ಕಾಟ ಅಂತ ತಂತಿ ಉರುಳೆ ಎಲ್ಲ ಇವಳು ಮಲಗೋ ಮಂಚದ ಕೆಳಗೇ ಇಡ್ತಿದ್ದೆ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಪ್ಪ. ಇದು ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರೋದು. ನಿಮಗಿಬ್ಬರಿಗೂ ಕಾಯಿಲೆ ಇಲ್ಲ, ಆದ್ರೆ ಇಬ್ಬರೂ ಕೊಟ್ಟಿದೀರ."

ಮಾತ್ರೆ ಇದೆ ಎಂದರು. ಒಳಗಿನ ತಾಮ್ರವನ್ನು ಹಿಡಿದುಕೊಂಡು ಮೂತ್ರದಲ್ಲಿ ಹೊರಗೆ ತರುತ್ತದಂತೆ. ಬದುಕಿರುವವರೆಗೂ ನುಂಗಬೇಕು, ಒಂದು ದಿನವೂ ಬಿಡುವ ಹಾಗಿಲ್ಲ. "ಊಟಕ್ಕೆ ಒಂದು ಗಂಟೆ ಮುಂಚೆ ತಗೋಬೇಕು. ಮೊದಮೊದಲು ನಡುಕ ಜಾಸ್ತಿ ಆದ್ರೂ ಆಗಬಹುದು, ಹೆದರಿ ನಿಲ್ಲಿಸಬೇಡಿ."

ಪಟಾಕಿ ಏನೋ ಕೇಳಿದಳು. ಡಾಕ್ಟರಿಗೆ ತಿಳಿಯಲಿಲ್ಲ, ಅಮ್ಮ ಬಿಡಿಸಿ ಹೇಳಿದಳು, "ಮತ್ತೆ ಕೇಕ್ ಮೇಲೆ ಬರೀಬಹುದಾ ಅಂತ ಕೇಳ್ತಿದಾಳೆ."

"ಬರೀಬಹುದು. ಮಾತೂ ಸರಿಹೋಗಬಹುದು. ಮಾತ್ರೆ ಸರಿಯಾಗಿ ಹೊಟ್ಟೆಗೆ ಹೋದ್ರೆ. ತಡ ಮಾಡಿದಷ್ಟೂ ಕಷ್ಟ."

ಆಸ್ಪತ್ರೆಯಿಂದ ಬಂದವನೇ ಅಪ್ಪ ಮಂಚದ ಕೆಳಗಿನ ಉರುಳೆಗಳನ್ನೆಲ್ಲ ಎಳೆದು ಅಂಗಡಿಗೆ ಹೊತ್ತ. ಸಂಬಂಧ ಇಲ್ಲ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ್ದರೂ ಅವನ ತಲೆಯೊಳಗೆ ಇಳಿಯಲಿಲ್ಲ. ಅಂಗಡಿಯ ಬಟ್ಟೆಯನ್ನು ಅಂಗಡಿಯಲ್ಲೇ ಬಿಚ್ಚಿಟ್ಟು ಬರತೊಡಗಿದ. ಮನೆಗೆ ಬಂದು ಸೋಪಿನ ಪುಡಿ ಹಾಕಿ ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದ ಮೇಲೇ ಮಗಳ ಹತ್ತಿರ ಕೂರುತ್ತಿದ್ದ. ಕೈಯ ಸಿಪ್ಪೆ ಎದ್ದಿತು. ಅಜ್ಜಿಯದು ಬೇರೆಯೇ ರಾಗ.

"ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲಪ್ಪ. ನಿನ್ನ ತಾತ ಸಾಯೋವರೆಗೂ ಸೂಜಿಗೆ ದಾರ ಪೋಣಿಸ್ತಿದ್ರು."

"ಅರ್ಧ ನಿಮ್ಮ ಕಡೆಯಿಂದಾನೇ ಬಂದಿರೋದು ಅತ್ತೆ," ಎಂದಳು ಅಮ್ಮ ಪಾತ್ರೆ ತಿಕ್ಕುತ್ತಾ. "ಡಾಕ್ಟ್ರು ಲೆಕ್ಕ ಹಾಕಿ ಹೇಳಿದಾರೆ."

"ನಿನ್ನ ಅರ್ಧ ಸರಿ ಇದ್ದಿದ್ರೆ ನಮ್ಮ ಅರ್ಧ ಏನು ಮಾಡ್ತಿತ್ತು?"

ಪಾಪ, ವೈದ್ಯಶಾಸ್ತ್ರದ ಪ್ರಕಾರ ಮುದುಕಿ ಹೇಳಿದ್ದು ಸರಿಯೇ. ಅದು ಅವಳಿಗೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಇಬ್ಬರೂ ಮುಖ ಊದಿಸಿಕೊಂಡು ಮಲಗಿದರು.

ಅಮ್ಮನದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ಹಾಸಿಗೆ ಬಟ್ಟೆ, ಟವೆಲುಗಳ ರಾಶಿಯನ್ನು ಬಿಸಿ ರೋಲರಿಗೆ ಕೊಟ್ಟು ಮಡಿಸುವುದು. ಬೆಳಕು ಹರಿಯುವ ಮುಂಚೆಯೇ ವ್ಯಾನು ಬೀದಿ ತಿರುವಿಗೆ ಬಂದು ಹಾರ್ನು ಬಾರಿಸುತ್ತದೆ, ಒಂದು ನಿಮಿಷ ತಡವಾದರೂ ಕಾಯುವುದಿಲ್ಲ. ಮಾತ್ರೆ ಶುರುವಾದ ಬೆಳಿಗ್ಗೆ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಹುಡುಕುತ್ತಾ ಅವಳು ಅಜ್ಜಿಗೆ ಹೇಳಿದಳು:

"ಅತ್ತೆ, ಮಾತ್ರೆ ನಿಮ್ಮ ಜವಾಬ್ದಾರಿ. ಬೆಳಿಗ್ಗೆ ಒಂದು, ಸಂಜೆ ಒಂದು. ಊಟಕ್ಕೆ ಒಂದು ಗಂಟೆ ಮುಂಚೆ ಕೊಡಬೇಕು. ಮರೀಬೇಡಿ."

"ಮೂರು ಮಕ್ಕಳನ್ನ ಸಾಕಿದೀನಿ, ಒಂದು ಮಾತ್ರೆ ನುಂಗಿಸೋಕೆ ಬರಲ್ವಾ ನಂಗೆ? ಹೋಗು ಹೋಗು, ವ್ಯಾನ್ ಬಂತು."

ಅಜ್ಜಿ ಮರೆಯಲಿಲ್ಲ. ಅಷ್ಟು ನಿಯತ್ತಿನಿಂದ ಆ ಮನೆಯಲ್ಲಿ ಯಾವ ಕೆಲಸವೂ ನಡೆದಿರಲಿಲ್ಲ. ಮಾತ್ರೆಯ ಡಬ್ಬಿಯನ್ನು ತನ್ನ ದಿಂಬಿನ ಪಕ್ಕವೇ ಇಟ್ಟುಕೊಂಡಳು. ಯಾರು ಮಾತಾಡಿಸಲು ಬಂದರೂ, "ಒಂದು ನಿಮಿಷ ಕೂತ್ಕೊಳ್ಳಿ, ನಮ್ಮ ಹುಡುಗಿ ಮಾತ್ರೆ ಹೊತ್ತಾಯ್ತು" ಎಂದು ಎದ್ದು ಹೋಗುತ್ತಿದ್ದಳು. ಪಟಾಕಿ ಬಾಯಿ ತೆರೆದು, ನಾಲಿಗೆ ಎತ್ತಿ, ನುಂಗಿದ್ದನ್ನು ತೋರಿಸಬೇಕು. ಆಮೇಲೇ ಅಜ್ಜಿಗೆ ಸಮಾಧಾನ.

ವಾರಗಳು ಕಳೆದು ತಿಂಗಳುಗಳಾದವು. ಪಟಾಕಿ ಮೊದಲು ಗುಂಡಿ ಹಾಕಿಕೊಳ್ಳುವುದನ್ನು ಬಿಟ್ಟಳು, ಆಮೇಲೆ ಚಮಚ ಹಿಡಿಯುವುದನ್ನು. ಬಾಯಿಯ ಒಂದು ಕೊನೆಯಿಂದ ಜೊಲ್ಲು ಸುರಿಯತೊಡಗಿತು. ಹೆಗಲ ಮೇಲೊಂದು ಟವೆಲು ಖಾಯಂ ಆಯಿತು. ಅಮ್ಮ ಹೋಟೆಲಿನಲ್ಲಿ ಅಂಚು ಹರಿದಿದ್ದಕ್ಕೆ ತೆಗೆದುಹಾಕಿದ ಟವೆಲುಗಳನ್ನು ಕೇಳಿ ತಂದಳು. ಒಂದು ದಿನ ಪಟಾಕಿ ಬಚ್ಚಲಿನ ಬಾಗಿಲಲ್ಲಿ ಬಿದ್ದು ಹುಬ್ಬು ಒಡೆದುಕೊಂಡಳು. ಮೊದಲು ಎಲ್ಲರೂ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡರು, ಡಾಕ್ಟರು ಹೇಳಿದ್ದರಲ್ಲ, ಮೊದಲು ಜಾಸ್ತಿಯಾಗಿ ಆಮೇಲೆ ಇಳಿಯುತ್ತೆ ಎಂದು. ಇಳಿಯುವುದನ್ನು ಕಾದು ಕಾದು ಸಾಕಾಯಿತು.

ಒಂದು ಸಂಜೆ ಊಟಕ್ಕೆ ಕೂತಾಗ ಅಪ್ಪ ತಟ್ಟೆ ಸರಿಸಿಬಿಟ್ಟ. ಎದುರಿಗೆ ಅಜ್ಜಿ ಮೊಮ್ಮಗಳಿಗೆ ಅನ್ನ ತಿನ್ನಿಸುತ್ತಿದ್ದಳು, ಅರ್ಧ ಒಳಗೆ, ಅರ್ಧ ಟವೆಲಿಗೆ.

"ಸಾಕು. ನಾಳೆಯಿಂದ ಆ ಮಾತ್ರೆ ಬೇಡ."

"ಏನ್ರೀ ಹೇಳ್ತಿದೀರ?" ಎಂದಳು ಅಮ್ಮ.

"ಮಾತ್ರೆಗೆ ಮುಂಚೆ ಇವಳು ತಾನೇ ತಿನ್ತಿದ್ದಳಾ ಇಲ್ವಾ? ನಡೀತಿದ್ದಳಾ ಇಲ್ವಾ? ಸುಟ್ಟಿರೋ ಮೋಟಾರಿಗೆ ಕರೆಂಟು ಕೊಡ್ತಾನೇ ಇದ್ರೆ ಏನಾಗುತ್ತೆ ಗೊತ್ತಾ? ಮಿಕ್ಕಿರೋ ಸುತ್ತೂ ಸುಟ್ಟು ಹೋಗುತ್ತೆ."

"ಇವಳೇನು ಮೋಟಾರಾ? ನಿಲ್ಲಿಸಿದ್ರೆ ಪ್ರಾಣಕ್ಕೇ ಅಪಾಯ ಅಂದ್ರಲ್ಲ ಅವರು!"

"ಅವರಿಗೇನು, ಅನ್ನುತ್ತಾರೆ. ಜೊಲ್ಲು ಒರೆಸೋರು ನಾವು."

ಪಟಾಕಿ ಮೇಜಿಗೆ ಕೈ ಬಡಿದಳು. ಬೇಕೆಂದೇ ಬಡಿದಳೋ, ಕೈ ತಾನೇ ಹಾರಿತೋ ಹೇಳುವುದು ಕಷ್ಟ. ಬಾಯಿ ತುಂಬ ಅನ್ನ ಇಟ್ಟುಕೊಂಡು ಏನೋ ಹೇಳಿದಳು. ಎರಡು ಸಲ ಹೇಳಿದ ಮೇಲೆ ಅಜ್ಜಿಗೆ ತಿಳಿಯಿತು.

"ನುಂಗ್ತೀನಿ ಅಂತಿದಾಳೆ. ಅವಳಿಗೇ ಬೇಕು ಅಂದ ಮೇಲೆ ನಿಂದೇನೋ ಮಧ್ಯ? ಸುಮ್ನೆ ಉಣ್ಣು."

ಹಾಗಾಗಿ ಮಾತ್ರೆ ಮುಂದುವರಿಯಿತು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ಒಂದು ದೊಡ್ಡ ಕ್ಯಾನು ಕೊಟ್ಟು, ಒಂದು ಇಡೀ ದಿನದ ಮೂತ್ರವನ್ನು ಒಂದು ತೊಟ್ಟೂ ಬಿಡದೆ ಹಿಡಿದು ತನ್ನಿ ಎಂದರು. ಆ ಕ್ಯಾನು ಬಚ್ಚಲಲ್ಲಿ ಕೂತು ಮನೆಯನ್ನೆಲ್ಲ ಆಳಿತು. ನಡುಗುವ ಹುಡುಗಿಯನ್ನು ಹಿಡಿದು ಕೂರಿಸಲು ಇಬ್ಬರು ಬೇಕು. "ಹುಟ್ಟಿದಾಗ ಇವಳ ಉಚ್ಚೆ ಬಟ್ಟೆ ಒಗೆದಿದ್ದೆ. ಈಗ ಅದನ್ನ ಬಂಗಾರದ ಹಾಗೆ ಕೂಡಿಡೋ ಕಾಲ ಬಂತು," ಎಂದು ಅಜ್ಜಿ ಅಂದಾಗ ಪಟಾಕಿ ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಕೇಳಿದ ನಗು ಅದು. ನಕ್ಕು ನಕ್ಕು ಉಸಿರು ಸಿಕ್ಕಿಕೊಂಡು ಕೆಮ್ಮಿದಳು.

ಫಲಿತಾಂಶ ಬಂದ ದಿನ ಅಮ್ಮ ಒಬ್ಬಳೇ ಹೋಗಿದ್ದಳು. ಡಾಕ್ಟರು ಕಾಗದ ನೋಡಿ, ಅಮ್ಮನನ್ನು ನೋಡಿ, ಕನ್ನಡಕ ತೆಗೆದಿಟ್ಟರು.

"ನಿಮ್ಮ ಮಗಳು ಮಾತ್ರೆ ತಗೊಳ್ತಿಲ್ಲ."

"ದಿನಾ ತಗೊಳ್ತಿದಾಳೆ ಡಾಕ್ಟ್ರೇ! ನಮ್ಮತ್ತೆ ಕಣ್ಣಲ್ಲಿ ಕಣ್ಣಿಟ್ಟು ಕೊಡ್ತಾರೆ."

"ಮಾತ್ರೆ ಕೆಲಸ ಮಾಡಿದ್ರೆ ತಾಮ್ರ ಧಾರಾಳವಾಗಿ ಹೊರಗೆ ಬರಬೇಕಿತ್ತಮ್ಮ. ಇಷ್ಟು ತಿಂಗಳಾದ್ರೂ ಬಂದಿರೋದು ಏನೇನೂ ಸಾಲದು. ವಯಸ್ಸಿನ ಮಕ್ಕಳು ಬೇಜಾರಾಗಿ ಉಗಿದುಬಿಡ್ತಾರೆ, ನಾನು ನೋಡಿದೀನಿ. ವಿಚಾರಿಸಿ."

ಅಮ್ಮ ಬಸ್ಸಿಳಿದು ದಾಪುಗಾಲು ಹಾಕಿಕೊಂಡು ಬಂದಳು. ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಮಗಳ ಮಂಚದ ಹಾಸಿಗೆ ಎತ್ತಿ ಹಾಕಿದಳು. ದಿಂಬಿನ ಚೀಲ ತಿರುವಿದಳು. ಕಿಟಕಿಯಿಂದ ಹೊರಗೆ ಬಗ್ಗಿ ಚರಂಡಿ ನೋಡಿದಳು. ಏನೂ ಸಿಗಲಿಲ್ಲ. ಸಿಗದಿದ್ದದ್ದು ಅವಳ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

"ಎಲ್ಲಿ ಉಗೀತೀಯ? ಹೇಳು! ಟವೆಲಲ್ಲಿ ಸುತ್ತಿ ಎಸೀತೀಯಾ?"

ಪಟಾಕಿ ತಲೆ ಅಲ್ಲಾಡಿಸಿದಳು. ಅವಳ ತಲೆ ಹೇಗೂ ಅಲ್ಲಾಡುತ್ತಲೇ ಇರುತ್ತಿತ್ತು. "ನು... ನುಂ..." ಎಂದಳು.

"ನಾಟಕ ಬೇಡ! ನಾನು ಅಲ್ಲಿ ಕೈ ಬೇಯಿಸ್ಕೊಂಡು ದುಡಿಯೋದು ಯಾರಿಗೋಸ್ಕರ? ಬದುಕೋಕೆ ಇಷ್ಟ ಇಲ್ವಾ ನಿಂಗೆ?"

"ಬಿಡೇ ಅವಳನ್ನ!" ಅಜ್ಜಿ ಅಡ್ಡ ಬಂದಳು. "ನನ್ನ ಕೈಯಾರೆ ನುಂಗಿಸ್ತೀನಿ. ನಾಲಿಗೆ ಎತ್ತಿ ನೋಡ್ತೀನಿ."

"ನೀವು ಮುದ್ದು ಮಾಡಿ ಮಾಡಿಯೇ ಇವಳು ಹೀಗಾಗಿದ್ದು!"

"ನುಂಗಿ... ದೀ..." ಪಟಾಕಿ ಮಾತು ಮುಗಿಸುವಷ್ಟರಲ್ಲಿ ಅಮ್ಮ ಅವಳ ಕೆನ್ನೆಗೆ ಬಾರಿಸಿದಳು. ಹುಡುಗಿ ಮಂಚದ ಮೇಲೆ ಕುಸಿದಳು. ಮಾತಿನಲ್ಲಿ ಇಡೀ ಬೀದಿಯನ್ನೇ ಸೋಲಿಸುತ್ತಿದ್ದವಳು, ತಾನು ಸುಳ್ಳು ಹೇಳುತ್ತಿಲ್ಲ ಎನ್ನುವ ಒಂದು ವಾಕ್ಯ ಮುಗಿಸಲಾಗದೆ ಗೋಡೆಗೆ ಮುಖ ಮಾಡಿದಳು. ಆಮೇಲೆ ಅಮ್ಮನೂ ಅಡುಗೆಮನೆಗೆ ಹೋಗಿ ಅತ್ತಳು. ಅತ್ತರೆ ಏನು ಬಂತು, ಹೊಡೆದಿದ್ದು ಹೊಡೆದದ್ದೇ.

ಮಾರನೆಯ ದಿನ ವ್ಯಾನು ಹಾರ್ನು ಬಾರಿಸಿ ಬಾರಿಸಿ ಹೋಯಿತು. ಅಮ್ಮ ಎದ್ದು ಹೋಗಲಿಲ್ಲ. "ಇವತ್ತು ನಾನೇ ಕೂತು ನೋಡ್ತೀನಿ," ಎಂದಳು. ಅಪ್ಪ ಅವತ್ತು ತಿಂಡಿಗೂ ಕಾಯದೆ ಬೇಗ ಅಂಗಡಿಗೆ ಹೋದ. ಅಜ್ಜಿಗೆ ಅವಮಾನವಾಯಿತು. ಆದರೂ, ನೋಡಲಿ, ನೋಡಿದರೆ ಬಾಯಿ ಮುಚ್ಚುತ್ತಾಳೆ ಎಂದು ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತಳು. ಎರಡು ಮೊಟ್ಟೆ ಬೇಯಿಸಿದಳು. ಬ್ರೆಡ್ಡಿಗೆ ಬೆಣ್ಣೆ ಸವರಿದಳು. ಒಂದು ದೊಡ್ಡ ಲೋಟ ಹಾಲು. ಮೊಮ್ಮಗಳ ಕುತ್ತಿಗೆಗೆ ಟವೆಲು ಕಟ್ಟಿ ತುತ್ತು ತುತ್ತಾಗಿ ಎಲ್ಲವನ್ನೂ ತಿನ್ನಿಸಿದಳು. ಮೇಲೆ ಒಂದು ಚಮಚ ಕಬ್ಬಿಣದ ಟಾನಿಕ್ಕು. ಆಮೇಲೆ ದಿಂಬಿನ ಪಕ್ಕದಿಂದ ಡಬ್ಬಿ ತಂದು, ಮಾತ್ರೆ ತೆಗೆದು, ಸೊಸೆಯ ಮುಖದೆದುರು ಹಿಡಿದು ತೋರಿಸಿದಳು.

"ನೋಡ್ಕೋ. ಸರಿಯಾಗಿ ನೋಡ್ಕೋ. ಆಮೇಲೆ ಇಲ್ಲ ಅನ್ನಬೇಡ."

ಅಮ್ಮ ಕೂತಲ್ಲಿಂದ ಎದ್ದಳು.

"ಅತ್ತೆ, ದಿನಾ ಹೀಗೇ ಕೊಡ್ತೀರಾ? ತಿಂದ ಮೇಲೆ?"

"ಹೀಗೇ ಅಲ್ದೆ ಹೇಗೆ?"

"ಊಟಕ್ಕೆ ಒಂದು ಗಂಟೆ ಮುಂಚೆ ಅಂದಿದ್ನಲ್ಲ!"

"ಅದಕ್ಕೇ ಕೊಡ್ತಿರೋದು. ನೀನು ಒಂದು ಗಂಟೆ ಮುಂಚೆ ಅಂದೆ, ಊಟ ಮಧ್ಯಾಹ್ನ, ನಾನು ಇನ್ನೂ ಮುಂಚೆನೇ ಕೊಟ್ಟು ಮುಗಿಸ್ತಿದೀನಿ. ಸಂಜೆನೂ ಅಷ್ಟೇ. ಹಾಲು ಬಿಸ್ಕತ್ತು ಕೊಟ್ಟು, ಮಾತ್ರೆ ಕೊಟ್ಟು, ಆಮೇಲೆ ಊಟ."

"ಇಷ್ಟೊತ್ತು ತಿನ್ನಿಸಿದ್ರಲ್ಲ, ಅದೇನು ಮತ್ತೆ?"

"ಅದು ತಿಂಡಿ ಕಣೇ!" ಅಜ್ಜಿಯ ದನಿ ಏರಿತು. "ಊಟ ಅಂದ್ರೆ ಊಟ. ತಿಂಡಿ ಅಂದ್ರೆ ತಿಂಡಿ. ಹಾಲು ಅಂದ್ರೆ ಹಾಲು. ನಂಗೆ ಅಷ್ಟು ಮಾತು ಬರಲ್ವಾ? ಬೆಳಿಗ್ಗೆ ಯಾರು ಊಟ ಮಾಡ್ತಾರೆ ಈ ಮನೇಲಿ?"

ಆಸ್ಪತ್ರೆಯಲ್ಲಿ ಡಾಕ್ಟರು ಊಟ ಎಂದಾಗ ಅಮ್ಮನಿಗೆ ಬರೀ ಹೊಟ್ಟೆ ಎಂದೇ ಅರ್ಥವಾಗಿತ್ತು. ಮನೆಗೆ ಬಂದು ಬರೀ ಹೊಟ್ಟೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಡಾಕ್ಟರ ಮಾತನ್ನೇ ಗಿಳಿಪಾಠ ಒಪ್ಪಿಸಿ ವ್ಯಾನು ಹತ್ತಿದ್ದಳು. ಇಷ್ಟು ತಿಂಗಳು ಯಾರೂ ಸುಳ್ಳು ಹೇಳಿರಲಿಲ್ಲ, ಯಾರೂ ಮರೆತಿರಲಿಲ್ಲ.

"ಬರೀ ಹೊಟ್ಟೇಲಿ ಕೊಡಬೇಕಿತ್ತು ಅತ್ತೆ. ನೀರು ಬಿಟ್ಟು ಏನೂ ಇರಬಾರದಿತ್ತು."

"ಬರೀ ಹೊಟ್ಟೇಲಾ?" ಅಜ್ಜಿ ನಂಬಲಿಲ್ಲ. "ಅಷ್ಟು ಖಾರವಾದ ಮಾತ್ರೇನ? ಕರುಳು ಸುಟ್ಟು ಹೋಗಲ್ವಾ?" ಆಮೇಲೆ ಸೊಸೆಯ ಮುಖ ನೋಡಿದಳು. ಕೈಯಲ್ಲಿದ್ದ ಮಾತ್ರೆಯನ್ನು ನಿಧಾನವಾಗಿ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಡಬ್ಬಿಯನ್ನು ಸೊಸೆಯ ಕಡೆಗೆ ದೂಡಿದಳು. ಪಟಾಕಿ ಇಬ್ಬರನ್ನೂ ನೋಡುತ್ತಿದ್ದಳು, ಗಲ್ಲದ ಮೇಲೆ ಮೊಟ್ಟೆಯ ಹಳದಿ ಹಾಗೇ ಇತ್ತು.

ಸಂಜೆ ಅಪ್ಪ ಅಂಗಡಿಯಿಂದ ಬಂದು ಕೈ ತೊಳೆಯುವ ಮುಂಚೆಯೇ ವಿಷಯ ತಿಳಿಯಿತು. ಹೆಂಗಸರು ಇಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ, ಅವನೇ ಇಬ್ಬರಿಗೂ ಸೇರಿಸಿ ಕೂಗಾಡಿದ.

"ಅವ್ವಾ, ಒಂದು ಮಾತು ಕೇಳಬಾರದಿತ್ತಾ ನಮ್ಮನ್ನ?"

"ಗೊತ್ತಿಲ್ಲದಿದ್ರೆ ಕೇಳ್ತಿದ್ದೆ. ಗೊತ್ತಿತ್ತಲ್ಲ."

"ಇವರು ಅಡುಗೆಮನೆಗೆ ಬರೋದು ಬೇಡ ರೀ," ಎಂದಳು ಅಮ್ಮ. "ಸ್ವಲ್ಪ ದಿನ ನಿಮ್ಮ ಅಕ್ಕನ ಮನೇಲಿ ಇರಲಿ. ನಂಗೆ ಇವರ ಮುಖ ನೋಡೋಕಾಗ್ತಿಲ್ಲ."

"ಹೇಳಿದ್ದು ಯಾರು? ನೀನೇ ಹೇಳಿದ್ದಲ್ವಾ ಊಟಕ್ಕೆ ಅಂತ?" ಎಂದ ಅಪ್ಪ.

"ಹೌದು, ನಾನೇ! ನನ್ನ ಮುಖಾನೂ ನೋಡೋಕಾಗ್ತಿಲ್ಲ ನಂಗೆ. ಕನ್ನಡಿ ಬೇಕಾದ್ರೆ ಒಡೆದುಹಾಕ್ತೀನಿ, ಇವರನ್ನೇನು ಮಾಡ್ಲಿ? ಮತ್ತೆ ನೀವು? ಎಂಟು ಗಂಟೆವರೆಗೂ ಇಲ್ಲೇ ಕೂತು ಅದೇ ಬ್ರೆಡ್ಡು ತಿಂದು ಹೋಗ್ತಿದ್ರಲ್ಲ, ನಿಮ್ಮ ಕಣ್ಣೇನಾಗಿತ್ತು?"

ಅಪ್ಪನೂ ಅದನ್ನು ತಿಂಡಿ ಎಂದೇ ತಿಂದಿದ್ದ. ಅಜ್ಜಿ ಒಂದು ಚೀಲಕ್ಕೆ ಎರಡು ಸೀರೆ ಹಾಕಿಕೊಂಡು ಬಾಗಿಲ ಹತ್ತಿರ ಬಂದಳು. ಆಗ ಮಂಚದಿಂದ ಪಟಾಕಿ ಎದ್ದಳು. ಗೋಡೆ ಹಿಡಿದು, ಕುರ್ಚಿ ಹಿಡಿದು ಬಂದು ಅಜ್ಜಿಯ ಚೀಲದ ಕಿವಿಯನ್ನು ಹಿಡಿದುಕೊಂಡಳು. ಅವಳ ಕೈಯ ಜೊತೆ ಚೀಲವೂ ಗಡಗಡ ಅಲ್ಲಾಡಿತು. ಅಜ್ಜಿ ಚೀಲ ಕೆಳಗಿಟ್ಟಳು.

ಮತ್ತೆ ಆಸ್ಪತ್ರೆಗೆ ಹೋದಾಗ ಅಮ್ಮ ಒಂದನ್ನೂ ಮುಚ್ಚಿಡದೆ ಹೇಳಿದಳು. ಡಾಕ್ಟರು ಬರೆದುಕೊಂಡರು. "ಹಾಲು, ಮೊಟ್ಟೆ, ಅದರ ಮೇಲೆ ಕಬ್ಬಿಣದ ಟಾನಿಕ್ಕು. ಮಾತ್ರೆ ಅದಕ್ಕೇ ಅಂಟಿಕೊಂಡು ಹೋಗಿದೆ, ಒಳಗೆ ಸೇರೇ ಇಲ್ಲ ಅನ್ನಬಹುದು." ಬರೆಯುವುದನ್ನು ನಿಲ್ಲಿಸಿ, "ನಾನೂ ಊಟ ಅಂತಾನೇ ಅಂದಿದ್ನಾ ಅವತ್ತು?" ಎಂದು ಕೇಳಿದರು.

"ಹೌದು ಡಾಕ್ಟ್ರೇ."

ಅವರು ತಮ್ಮ ಪೆನ್ನನ್ನು ನೋಡುತ್ತಾ ಕೂತರು. ಎಲ್ಲರಿಗೂ ದಿನಕ್ಕೆ ಎಷ್ಟು ಸಲ ಆ ಮಾತು ಹೇಳುತ್ತಾರೋ ಏನೋ.

"ಈಗ ಸರಿಯಾಗಿ ಕೊಟ್ರೆ ಮಾತು ಬರುತ್ತಾ? ಕೈ?" ಎಂದು ಕೇಳಿದ ಅಪ್ಪ.

"ಇನ್ನಷ್ಟು ಹಾಳಾಗದ ಹಾಗೆ ತಡೀಬಹುದು. ಸ್ವಲ್ಪ ವಾಪಸ್ ಬರಬಹುದು. ಮೊದಲಿನ ಹಾಗೆ ಅಂತ ನಾನು ಮಾತು ಕೊಡೋಕಾಗಲ್ಲ. ಒಂದು ವರ್ಷ ನೋಡಬೇಕು. ಈ ತಿಂಗಳುಗಳಿಂದಾನೇ ಹೀಗಾಯ್ತು ಅಂತಲೂ ಹೇಳಲ್ಲ, ಅಲ್ಲ ಅಂತಲೂ ಹೇಳಲ್ಲ."

ಪಟಾಕಿ ಅಲ್ಲೇ ಕುರ್ಚಿಯಲ್ಲಿ ಕೂತಿದ್ದಳು. ಅವಳಿಗೆ ಕೈ, ನಾಲಿಗೆ ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ಅದು ದೊಡ್ಡವರಿಗೆ ಆಮೇಲೆ ನೆನಪಾಯಿತು.

ಈಗ ಬೆಳಿಗ್ಗೆ ವ್ಯಾನು ಬರುವ ಮುಂಚೆ ಅಮ್ಮನೇ ಮಾತ್ರೆ ಕೊಟ್ಟು ಹೋಗುತ್ತಾಳೆ, ಬರೀ ನೀರಿನ ಜೊತೆ. ಟಾನಿಕ್ಕಿನ ಬಾಟಲಿಯನ್ನು ಅಪ್ಪ ಚರಂಡಿಗೆ ಸುರಿದ. ಮಾತ್ರೆ ಈಗ ನಿಜವಾಗಿ ಒಳಗೆ ಹೋಗುತ್ತಿದೆ ಎನ್ನುವುದಕ್ಕೆ ಮೊದಲ ಗುರುತು ಎಂಥದ್ದು ಗೊತ್ತೇ? ಹುಡುಗಿಯ ನಾಲಿಗೆಗೆ ರುಚಿ ಹೋಯಿತು. ಉಪ್ಪಿಲ್ಲ, ಸಿಹಿಯಿಲ್ಲ, ಮಣ್ಣು ತಿಂದ ಹಾಗೆ. ಈ ಮಾತ್ರೆಗೆ ಹಾಗಾಗುವುದುಂಟು, ಮತ್ತೆ ಬರುತ್ತದೆ ಎಂದರು ಡಾಕ್ಟರು. ಹೋಗುವುದು ಮೊದಲು, ಬರುವುದು ಆಮೇಲೆ, ಆ ಮನೆಗೆ ಇದು ಅಭ್ಯಾಸವಾಗುತ್ತಿತ್ತು. ಬೇಕರಿಯ ಯಜಮಾನ ಒಂದು ಡಬ್ಬಿ ಚಾಕಲೇಟು ಕೇಕು ಕಳಿಸಿದ್ದ. ಚಾಕಲೇಟು ಅವಳಿಗೆ ಆಗದು, ಅದರಲ್ಲೂ ತಾಮ್ರವಿದೆ. ಅಪ್ಪ ಅದನ್ನು ಅಂಗಡಿಗೆ ಕೊಂಡುಹೋಗಿ ಯಾರು ಯಾರಿಗೋ ಹಂಚಿದ. ಅಮ್ಮ ಅತ್ತೆಯ ಜೊತೆ ಮಾತು ಶುರು ಮಾಡಿದ್ದಳು, ಉಪ್ಪು ಮುಗಿದಿದೆ, ನಲ್ಲಿ ಸೋರುತ್ತಿದೆ, ಅಷ್ಟರಮಟ್ಟಿಗೆ. ಮಗಳ ಕೆನ್ನೆಗೆ ಹೊಡೆದದ್ದರ ಬಗ್ಗೆ ಮಾತ್ರ ಒಂದು ಮಾತೂ ಅವಳ ಬಾಯಿಂದ ಬರಲಿಲ್ಲ. ಬೆಳಿಗ್ಗೆ ಮಾತ್ರೆ ಕೊಟ್ಟಾದ ಮೇಲೆ ಆ ಕೆನ್ನೆಯನ್ನು ಒಂದು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡಿದ್ದು ಓಡುತ್ತಿದ್ದಳು.

ಅಮ್ಮ ಹೋದ ಮೇಲಿನ ಒಂದು ಗಂಟೆ ಅಜ್ಜಿಯದು. ಒಲೆ ಹಚ್ಚುವ ಹಾಗಿಲ್ಲ ಎಂದು ಯಾರೂ ಹೇಳಿರಲಿಲ್ಲ, ಅವಳೇ ಹಚ್ಚುತ್ತಿರಲಿಲ್ಲ. ವಾಸನೆ ಬಂದರೆ ಹುಡುಗಿಗೆ ಹಸಿವಾಗುತ್ತದೆ ಎಂದು. ರುಚಿ ಹೋಗಿದ್ದರೂ ಹಸಿವೇನು ಹೋಗಿರಲಿಲ್ಲ. ಇಬ್ಬರೂ ಅಡುಗೆಮನೆಯಲ್ಲಿ ಎದುರುಬದುರು ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಅಜ್ಜಿ ತಾನೂ ಏನೂ ಬಾಯಿಗೆ ಹಾಕುತ್ತಿರಲಿಲ್ಲ.

ಅಂಥ ಒಂದು ಬೆಳಿಗ್ಗೆ ಪಟಾಕಿ ಏನೋ ಕೇಳಿದಳು. ಮಾತು ಎಳೆದು ಎಳೆದು, ನಡುವೆ ಜೊಲ್ಲು ಒರೆಸಿಕೊಂಡು ಕೇಳಿದಳು.

"ಏನಂದೆ?" ಎಂದಳು ಅಜ್ಜಿ.

ಪಟಾಕಿ ಇನ್ನೊಮ್ಮೆ ಉಸಿರು ತೆಗೆದುಕೊಂಡಳು. ತುಟಿಗಳನ್ನು ಕೂಡಿಸಿ, ಒಂದೊಂದು ಅಕ್ಷರಕ್ಕೂ ಮುಖವೆಲ್ಲ ಹಿಂಡಿಕೊಂಡು, ಕುತ್ತಿಗೆಯ ನರ ಉಬ್ಬಿಸಿ ಹೇಳಿದಳು.

"ನನ್ನ... ಮಾ... ತು... ಬ... ರು... ತ್ತಾ... ಅ... ಜ್ಜಿ?"

ಅಜ್ಜಿಗೆ ಮೊದಲನೇ ಸಲವೇ ಅರ್ಥವಾಗಿತ್ತು.

"ಕಿವಿ ಸರಿಯಿಲ್ಲ ಕಣೇ ನಂಗೆ," ಎಂದಳು. "ಏನು, ಮೊಟ್ಟೆ ಬೇಕಾ?"

ಪಟಾಕಿ ಅವಳನ್ನು ನೋಡಿದಳು. ಮೂರನೆಯ ಸಲ ಹೇಳಲು ಬಾಯಿ ತೆರೆದವಳು, "ಬಿಡು," ಎಂದಳು. ಆ ಒಂದು ಮಾತು ಈಚೆಗೆ ಸ್ಪಷ್ಟವಾಗಿ ಬರುತ್ತಿತ್ತು, ದಿನಕ್ಕೆ ಎಷ್ಟೋ ಸಲ ಹೇಳಿ ಹೇಳಿ.

ಗಂಟೆ ಆಯಿತು. ಅಜ್ಜಿ ಎದ್ದು ಒಲೆ ಹಚ್ಚಿದಳು. ಕಣ್ಣು ಒರೆಸಿಕೊಂಡದ್ದು ಕಾಣಬಾರದೆಂದು ಬೆನ್ನು ತಿರುಗಿಸಿಯೇ ಕೇಳಿದಳು.

"ಎರಡು ಹಾಕ್ಲಾ, ಮೂರಾ?"

ತಿರುಗಿ ನೋಡಿದಳು. ಪಟಾಕಿ ಕೈ ಎತ್ತಿ ಬೆರಳು ತೋರಿಸುತ್ತಿದ್ದಳು. ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ, ಎರಡೋ ಮೂರೋ ತಿಳಿಯುವಂತಿರಲಿಲ್ಲ. ಅಜ್ಜಿ ಮತ್ತೆ ಕೇಳಲಿಲ್ಲ. ಮೂರು ಹಾಕಿದಳು.